ರಂಜಾನಿಗೆ ಮುಂಚಿನ ಪ್ರತಿ

ಬೆನಿ ಖದ್ದಾಶ್
ಶುಕ್ರವಾರ, ಮೇ ೧೭

ನನ್ನ ಮುದ್ದು ಹಾಜರ್‌ಗೆ ಅಮ್ಮನ ಸಲಾಮು.

ಹೇಗಿದ್ದೀಯಮ್ಮಾ? ಕೆಮ್ಮು ಬಿಟ್ಟಿತೇ? ಟ್ಯೂನಿಸ್ಸಿನ ಕಡಲ ಗಾಳಿ ನಿನಗೆ ಮೊದಲಿನಿಂದಲೂ ಆಗದು. ಇದರ ಜೊತೆ ಬಸೀಸದ ಹುರಿಹಿಟ್ಟು ಕಳಿಸಿದ್ದೇನೆ, ಎಣ್ಣೆಯಲ್ಲಿ ಕಲಸಿ ತಿನ್ನು, ಬರೀ ಕಾಫಿ ಕುಡಿದು ಓಡಬೇಡ. ಅಲ್ಲಾಹನ ದಯೆಯಿಂದ ನಿನ್ನ ಅಪ್ಪ ಚೆನ್ನಾಗಿದ್ದಾರೆ. ಅಂಜೂರ ಈ ಸಲ ಒತ್ತೊತ್ತಾಗಿ ಕಾಯಿ ಬಿಟ್ಟಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಮುಂದಿನದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಜಾಜಿಯಾ ಅಜ್ಜಿಯ ಪಕ್ಕ ಕೂತು ನೀನು ಬರೆದುಕೊಂಡ ಮದರಂಗಿ ಹಾಡುಗಳು, ಕಾಲೇಜಿಗೆ ಒಪ್ಪಿಸಬೇಕಾದ ನಿನ್ನ ಪುಸ್ತಕ, ಮನೆಯ ಕಂಪ್ಯೂಟರಿನಿಂದ ಅಳಿಸಿಹೋಯಿತು. ಅಳಿಸಿದವಳು ನಾನು. ಕೊನೆಯ ಹಾಡಿನ ಕೆಳಗೆ ‘ಇದನ್ನು ಕಟ್ಟಿದವಳು ಮಬ್ರೂಕಾ’ ಎಂದು ಬರೆಸಿದ್ದೇನೆಂದು ಅಜ್ಜಿಯೇ ನಗುತ್ತ ನನಗೆ ಹೇಳಿದ್ದಳು. ಆ ಹಾಡು ನಿನ್ನ ದೊಡ್ಡಮ್ಮನ ಮದುವೆಯದು. ಮದರಂಗಿಯ ದಿನ ಗಂಡಿನ ತಾಯಿಯನ್ನು ಹಂಗಿಸದಿದ್ದರೆ ಹೆಣ್ಣಿನ ಕಡೆಯವರಿಗೆ ಮರ್ಯಾದೆಯೇ? ಆಗಿನ್ನೂ ಹುಡುಗಿ ನಾನು, ಆಕೆಯ ಉಬ್ಬುಹಲ್ಲು, ಜಿಪುಣತನ, ಕೊನೆಗೆ ಹಾಸಿಗೆಯ ಮಾತನ್ನೂ ಸೇರಿಸಿ ಕಟ್ಟಿದ್ದೆ. ಈಗ ನಾನು ಹಜ್ ಮಾಡಿ ಬಂದವಳು, ಓಣಿಯ ಹೆಣ್ಣುಮಕ್ಕಳಿಗೆ ಕುರ್‌ಆನ್ ಓದಿಸುವವಳು. ನನ್ನ ಹೆಸರಿನ ಆ ಒಂದು ಸಾಲು ತೆಗೆದುಬಿಡೋಣವೆಂದು ಬಿಸ್ಮಿಲ್ಲಾ ಹೇಳಿ ಕೂತೆ. ಏನು ಒತ್ತಿದೆನೋ, ಹಾಳೆಯೆಲ್ಲ ನೀಲಿಯಾಯಿತು. ಅಳಿಸುವ ಗುಂಡಿ ಮುಟ್ಟಿದ್ದೇ ತಡ, ಎಲ್ಲ ಬಿಳಿ. ಮುಚ್ಚುವಾಗ ಫ್ರೆಂಚಿನಲ್ಲಿ ಏನೋ ಕೇಳಿತು. ಓದಲು ಬಾರದೆ ಮೊದಲನೆಯದನ್ನೇ ಒತ್ತಿದೆ.

ನಿನ್ನ ಸೋದರಮಾವ ಲಜಹರ್‌ನನ್ನು ಕರೆಸಿದೆ. “ಅಲ್ವೇ ಅಕ್ಕಾ, ಅದು ಉಳಿಸ್ಲಾ ಅಂತ ಕೇಳಿದೆ, ನೀನು ಹೂಂ ಅಂದಿದೀಯ. ಖಾಲಿ ಹಾಳೇನ ಜೋಪಾನ ಮಾಡಿದೀಯ,” ಎಂದ. ಹಿಂದಿನ ಪ್ರತಿಗಳ ಪಟ್ಟಿ ತೆಗೆದರೆ ಒಂದೂ ಇಲ್ಲ. “ಹಾಜರ್ ಒಂದು ಡಿಸ್ಕ್ ಸಿಕ್ಕಿಸಿದ್ಲಲ್ಲ, ಹಳೇ ಪ್ರತಿಯೆಲ್ಲ ಅದ್ರಲ್ಲೇ ಬೀಳ್ತಿತ್ತು. ಎಲ್ಹೋಯ್ತು?” ಅದು ನಾನು ನಮಾಜಿಗೆ ನಿಂತರೆ ಎದುರಿಗೇ ಮಿಣಮಿಣ ಎನ್ನುತ್ತಿತ್ತಮ್ಮಾ. ರಂಜಾನಿನ ಚಂದ್ರ ಕಂಡ ದಿನ ಕಿತ್ತು ಉಣ್ಣೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. “ನಮ್ಮ ಹೊಟ್ಟೆ ಸಾಲದು ಅಂತ ಇದಕ್ಕೂ ಉಪವಾಸ ಹಾಕಿದ್ಯಾ ಹಜ್ಜಾ?” ಎಂದು ನಕ್ಕ. ಮತ್ತೆ ಸಿಕ್ಕಿಸಿದಾಗ ತಾರೀಖಿನ ಪ್ರಕಾರ ಪ್ರತಿಗಳು ಬಂದವು. ಕೊನೆಯದು ರಂಜಾನಿಗೆ ಮುಂಚಿನದು. ಅದನ್ನು ಬೇರೆ ಹೆಸರಿನಲ್ಲಿ ಪಕ್ಕಕ್ಕೆ ಇಟ್ಟುಕೊಟ್ಟ. ಆಮೇಲೆ ಕಸದ ಬುಟ್ಟಿ, ಕಂಪ್ಯೂಟರು ತಾನೇ ಇಟ್ಟುಕೊಳ್ಳುವ ಅರೆಬರೆ ಪ್ರತಿಗಳು, ಎಲ್ಲ ಜಾಲಾಡಿದ. ಅವನ ನಗು ನಿಂತಾಗ ನನಗೆ ಅರ್ಥವಾಯಿತು.

ಉಪವಾಸದ ತಿಂಗಳು ಅಜ್ಜಿ ಹಾಡಲಿಲ್ಲ, ಹಬ್ಬ ಕಳೆದ ಮೇಲೆ ಹೇಳಿಕೊಟ್ಟವೆಲ್ಲ ಹೋದವು. ರೆಕಾರ್ಡು ಮಾಡೋಣವೆಂದರೆ “ನನ್ನ ದನಿ ನನ್ ಜೊತೇಲೇ ಹೋಗ್ಲಿ ಕಣೇ” ಎಂದಿದ್ದಳಲ್ಲ. ಅವಳು ತೀರಿಕೊಂಡಾಗ ಮೈ ತೊಳೆದು ಕಳಿಸಿದವಳು ನಾನು. ಅವಳ ಹಾಡನ್ನೂ ನಾನೇ ತೊಳೆದುಬಿಟ್ಟೆ. ಪ್ರತಿ ನಮಾಜಿನಲ್ಲೂ ಕ್ಷಮೆ ಬೇಡುತ್ತಿದ್ದೇನೆ, ಆದರೆ ನಿನಗೆ ಮಾಡಿದ ತಪ್ಪನ್ನು ಮೊದಲು ನೀನು ಮನ್ನಿಸಬೇಕು, ಆಮೇಲೆ ಅವನು.

ನಿನ್ನ ಓದಿಗೆ ಅಲ್ಲಾಹ ಬರಕತ್ತು ಕೊಡಲಿ, ನಿನ್ನ ದಾರಿ ಬೆಳಗಲಿ. ಕೋಣೆಯ ಗೆಳತಿಗೂ ಹಿಟ್ಟು ಕೊಡು.

ನಿನ್ನ ಅಮ್ಮ,
ಮಬ್ರೂಕಾ

ಮರೆತೆ: ಈ ಕಾಗದ ಒಯ್ಯುವ ವ್ಯಾನಿನವನು ಹಾರನ್ ಹೊಡೆಯುತ್ತಿದ್ದಾನೆ, ಆದರೂ ಇದೊಂದು ಹೇಳಬೇಕು. ಹೋದ ಹಾಡುಗಳಲ್ಲಿ ಅಜ್ಜಿಯವು ನನಗೆ ಅಲ್ಲೊಂದು ಇಲ್ಲೊಂದು ಸಾಲು ಬಿಟ್ಟರೆ ಬರುವುದಿಲ್ಲ. ನಾನು ಕಟ್ಟಿದ್ದು ಮಾತ್ರ ಒಂದಕ್ಷರ ತಪ್ಪದೆ ಬರುತ್ತದೆ, ಹಾಸಿಗೆಯ ಮಾತೂ ಸೇರಿ. ಅಪ್ಪ ಮಸೀದಿಗೆ ಹೋದ ಹೊತ್ತಿಗೆ ಫೋನ್ ಮಾಡು, ಹಾಡುತ್ತೇನೆ. ರೆಕಾರ್ಡು ಮಾಡಿಕೋ. ಕೆಳಗೆ ನನ್ನ ಹೆಸರು ಹಾಕು.