ಡಬ್ಬಿಯ ಮೇಲಿನ ಮೊಲ

ವೈಟ್‌ಫೀಲ್ಡ್
ಶುಕ್ರವಾರ, ೧೪-೬-೨೦೨೪

ಅಮ್ಮಾ,

ಮೊದಲು ಕನ್ನಡಕ ಹುಡುಕಿಕೊಂಡು ಕೂತುಕೋ. ಲೋಕೇಶಣ್ಣನ ಕೈಲಿ ಮಾತ್ರ ಈ ಕಾಗದ ಓದಿಸಬೇಡ. ಅವನಿಗೆ ಮೂಗಿನ ತುದಿಯಲ್ಲೇ ಕೋಪ, ಅರ್ಧ ಓದಿ ಕಾರಿನ ಕೀ ಎತ್ತಿಕೊಂಡು ಹೊರಟುಬಿಡುತ್ತಾನೆ. ಭಾನುವಾರ ಅವನನ್ನು ಕಳಿಸಿ ನನ್ನನ್ನು ಮಾದನಾಯಕನಹಳ್ಳಿಗೆ ಕರೆಸಿಕೊಳ್ಳುತ್ತೇನೆ ಅಂದೆಯಲ್ಲ, ಅದರ ಮಾತೇ ಇದು. ಮಂಗಳವಾರ ಫೋನಿನಲ್ಲಿ, ಅತ್ತೆ ನನ್ನ ತಟ್ಟೆ ಬೇರೆ ಮಾಡಿದ್ದಾರೆ ಅಂತ ಅತ್ತು ಇಟ್ಟುಬಿಟ್ಟೆ, ಪೂರ್ತಿ ಹೇಳಲೇ ಇಲ್ಲ. ಈ ಎರಡು ಕೋಣೆಯ ಫ್ಲಾಟಿನಲ್ಲಿ ಸೀನಿದರೂ ಅವರಿಗೆ ಕೇಳುತ್ತದೆ. ಅದಕ್ಕೇ ಕಾಗದ. ನಮ್ಮ ಆಫೀಸಿನ ಸವಿತಾ ನಿಮ್ಮ ಕಡೆಯ ಬಾಗಲಗುಂಟೆಯವಳು, ನಾಳೆ ತಂದುಕೊಡುತ್ತಾಳೆ. ಅವಳಿಗೆ ಕಾಫಿ ಕೊಡದೆ ಕಳಿಸಬೇಡ.

ಶುರುವಾಗಿದ್ದೂ ಸವಿತಾಳಿಂದಲೇ. ಒಂದು ದಿನ ಊಟದ ಹೊತ್ತಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾವುದೋ ಹೊರದೇಶದಲ್ಲಿ, ಮುಖಕ್ಕೆ ಹಚ್ಚುವ ಸಾಮಾನು ಕಣ್ಣಿಗೆ ಬಿದ್ದರೆ ಉರಿಯುತ್ತದೋ ಇಲ್ಲವೋ ನೋಡುವುದಕ್ಕೆ, ಮೊಲಗಳ ಕತ್ತನ್ನು ಅಲ್ಲಾಡದ ಹಾಗೆ ಸಿಕ್ಕಿಸಿ ಕಣ್ಣಿಗೆ ಹನಿ ಬಿಡುತ್ತಿದ್ದರು. ಮೊಸರನ್ನ ಹಾಗೇ ಮುಚ್ಚಿಟ್ಟೆ. ನಗುತ್ತಿದ್ದೀಯ ಅಂತ ಗೊತ್ತು. ಯುಗಾದಿಯ ಮಾರನೆಯ ದಿನ ವರ್ಷತೊಡಕಿಗೆ ಚಿಕ್ಕಪ್ಪ ತಂದ ಮೊಲದ ಸಾರನ್ನು ಬಟ್ಟಲು ನೆಕ್ಕಿ ತಿಂದವಳು ನಾನೇ. ಆದರೆ ಅಮ್ಮಾ, ಹಸಿವಿಗೆ ತಿನ್ನುವುದು ಒಂದು. ನನ್ನ ತುಟಿ ಕೆಂಪಗೆ ಕಾಣಲಿ ಅಂತ ಅದರ ಕಣ್ಣು ಉರಿಸುವುದು ಇನ್ನೊಂದು. ಮಾರನೆಯ ದಿನ ಕನ್ನಡಿ ಮುಂದೆ ನಿಂತು ಕಾಡಿಗೆ ಹಚ್ಚಿಕೊಳ್ಳಲು ಕೈ ಬರಲಿಲ್ಲ.

ಪ್ರಾಣಿಗಳ ಮೇಲೆ ಪ್ರಯೋಗ ಮಾಡದ ಸಾಮಾನು ಹುಡುಕುವುದು ಸುಲಭ ಅಂದುಕೊಂಡಿದ್ದೆ. ಅಯ್ಯೋ, ಕೇಳಬೇಡ. ಅಂಗಡಿಯವರು ಹಸಿರು ಚುಕ್ಕೆ ತೋರಿಸುತ್ತಿದ್ದರು. ಒಳಗೆ ಏನು ಹಾಕಿದ್ದಾರೆ ಅಂತ ಅದು ಹೇಳುತ್ತದೆ, ಯಾರ ಮೇಲೆ ಹಚ್ಚಿ ನೋಡಿದರು ಅಂತ ಹೇಳುವುದಿಲ್ಲ. ನಮ್ಮ ದೇಶದಲ್ಲಿ ಈ ಪ್ರಯೋಗ ನಿಲ್ಲಿಸಿ ವರ್ಷಗಳಾದವು, ಆದರೆ ಅದೇ ಕಂಪನಿಯವರು ಬೇರೆ ಕಡೆ ಏನು ಮಾಡುತ್ತಾರೋ ಯಾರು ಕಂಡರು? ನಾಲ್ಕಾರು ಕಂಪನಿಗಳಿಗೆ ಬರೆದೆ. ಕೆಲವರು ಉತ್ತರವನ್ನೇ ಕೊಡಲಿಲ್ಲ. ಕೊನೆಗೆ ಪೀಣ್ಯದಲ್ಲಿ ಒಂದು ಸಣ್ಣ ಕಂಪನಿ ಸಿಕ್ಕಿತು. ಎಲ್ಲೂ, ಯಾವ ಪ್ರಾಣಿಯ ಮೇಲೂ ಪರೀಕ್ಷೆ ಮಾಡುವುದಿಲ್ಲ ಅಂತ ಕಾಗದಪತ್ರ ಸಮೇತ ತೋರಿಸಿದರು. ಅದರ ಗುರುತಿಗೆ ಡಬ್ಬಿಯ ಮೇಲೆ ಒಂದು ಮೊಲದ ಚಿತ್ರ. ಲಿಪ್‌ಸ್ಟಿಕ್ ತಂದು ಹಾಲ್‌ನಲ್ಲಿರುವ ಕನ್ನಡಿಯ ಹತ್ತಿರ ಇಟ್ಟೆ, ಹಬ್ಬ ಬಂದಷ್ಟು ಖುಷಿಯಾಗಿತ್ತು.

ಅತ್ತೆ ಅದನ್ನು ನೋಡಿದರು. ಡಬ್ಬಿಯ ಮೇಲೆ ಮಾವಿನಹಣ್ಣಿನ ಚಿತ್ರ ಇದ್ದರೆ ಒಳಗೆ ಮಾವು ತಾನೇ? ಹಾಗೆ ಮೊಲ ಇದ್ದರೆ ಮೊಲ! ಅವರಿಗೆ ಹಾಗೆ ಹೊಳೆಯಿತು. ಅವರೋ ರಾಣೆಬೆನ್ನೂರಿನ ಬಸಮ್ಮ, ಲಿಂಗಪೂಜೆ ಆಗದೆ ನೀರು ಮುಟ್ಟದವರು. ಡಬ್ಬಿಯನ್ನು ಪೇಪರಿನಲ್ಲಿ ಹಿಡಿದು ಬಾಲ್ಕನಿಗೆ ಒಯ್ದಿಟ್ಟರು. “ನಿಮ್ಮ ಮನ್ಯಾಗ ತಿಂತಿದ್ರಿ, ಗೊತ್ತೈತಿ. ಬಿಟ್ಟೀನಿ ಅಂದಿದ್ದಿ. ತುಟಿಗೆ ಹಚ್ಚಿಕೊಂಡ್ರ ತಿಂದಂಗಲ್ಲೇನು?” ಅಂದರು. ಅವತ್ತಿನಿಂದ ನನ್ನ ತಟ್ಟೆ ಬೇರೆ, ನಾನು ಮಾಡಿದ ಪಲ್ಯ ಅವರಿಗೆ ಬೇಡ, ಪೂಜೆಯಾದ ಮೇಲೆ ನನ್ನ ಹಣೆಗೆ ಹಚ್ಚುತ್ತಿದ್ದ ವಿಭೂತಿಯೂ ಇಲ್ಲ.

ಒಂದು ಮಾತು ವಿವರಿಸಿದ್ದರೆ ಮುಗಿಯುತ್ತಿತ್ತು ಅನ್ನುತ್ತೀಯ. ಹೇಳಲಿಲ್ಲ. ಮೈಯೆಲ್ಲ ಉರಿದುಹೋಗಿತ್ತು. ಸಿದ್ದಾರ್ಥನನ್ನು ಮದುವೆಯಾದ ದಿನದಿಂದ ಮೊಟ್ಟೆ ಕೂಡ ಮುಟ್ಟಿಲ್ಲ, ನಿನ್ನ ಮನೆಗೆ ಬಂದಾಗಲೂ ಅನ್ನ ತಿಳಿಸಾರು ತಿಂದು ಎದ್ದಿದ್ದೇನೆ. ಅಂಥವಳ ಮೇಲೆ ಅನುಮಾನವಾ? ಕದ್ದು ತಿನ್ನುವವಳ ಹಾಗೆ ನೋಡಿದರಲ್ಲ, ಅದು ನೋವಾಯಿತು. ನಿನ್ನ ಅಳಿಯನೋ, “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೇ” ಅಂದು ಲ್ಯಾಪ್‌ಟಾಪ್ ತೆರೆದ. ಅವನ ತಲೆ!

ಬುಧವಾರ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಅತ್ತೆ ಬಾಲ್ಕನಿಯಲ್ಲಿ ಡಬ್ಬಿಯ ಮೇಲಿದ್ದ ನಂಬರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿಕೊಂಡು ಜಗಳಕ್ಕೆ ನಿಂತಿದ್ದರು. ಮೊಲ ಕೊಂದು ಬಣ್ಣ ಮಾಡಿ ನಮ್ಮಂಥವರ ಮನೆಗೆ ಮಾರುತ್ತೀರಾ, ನಾಚಿಕೆ ಇಲ್ಲವಾ ಅಂತ. ಫೋನ್ ತೆಗೆದ ಹುಡುಗಿ ಭಾಗ್ಯಶ್ರೀ ಅಂತೆ, ಬಾಗಲಕೋಟೆ ಕಡೆಯವಳು. ಒಂಚೂರೂ ಬೇಸರ ಇಲ್ಲದೆ, “ಇಲ್ರೀ ಅಮ್ಮಾರ, ಮೊಲಕ್ಕ ತ್ರಾಸ ಕೊಟ್ಟಿಲ್ಲ ಅಂತ ಹೇಳಾಕ ಆ ಚಿತ್ರ ಹಾಕೀವಿ” ಅಂದಳು. ತ್ರಾಸ ಅಂದರೆ ಎಂಥದ್ದು ಅಂತ ಅತ್ತೆ ಕೇಳಿದರು. ಅವಳು ಕಣ್ಣಿನ ವಿಷಯ ಹೇಳಿದಳು. ಅತ್ತೆ ಫೋನ್ ಇಟ್ಟರು.

ನಾನಿದ್ದ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, “ನೀ ಯಾಕ ಹೇಳಲಿಲ್ಲವ್ವಾ?” ಅಂದರು. ನೀವು ಕೇಳಲೇ ಇಲ್ಲವಲ್ಲ ಅತ್ತೆ ಅಂದೆ. “ಹೌದು, ಕೇಳಲಿಲ್ಲ” ಅಂದರು. ಅಷ್ಟೇ. ತಪ್ಪಾಯಿತು ಅನ್ನುವ ಹೆಂಗಸಲ್ಲ ಅವರು. ಆದರೆ ರಾತ್ರಿ ಊಟಕ್ಕೆ ನಾನು ಮಾಡಿದ ಪಲ್ಯವನ್ನೇ ರೊಟ್ಟಿಯ ಮೇಲೆ ಹಾಕಿಕೊಂಡರು.

ನಿನ್ನೆ ಸಂಜೆ ತಮ್ಮ ಪೌಡರ್ ಡಬ್ಬಿ ಮುಂದಿಟ್ಟು, ಇದರ ಮೇಲೆ ಮೊಲ ಇಲ್ಲ, ಇದು ನನಗೆ ಬೇಡ, ಬೇರೆ ಕೊಡಿಸು ಅಂತ ಹಟ. ಮಾರತ್ತಹಳ್ಳಿಗೆ ಬಸ್ಸಿನಲ್ಲಿ ಹೋದೆವು. ಅಂಗಡಿಯಲ್ಲಿ ಅತ್ತೆ ಒಂದೊಂದೇ ಡಬ್ಬಿ ತಿರುಗಿಸಿ, “ಮೊಲ ಎಲ್ಲೈತಿ? ಮೊಲ ತೋರ್ಸವ್ವಾ” ಅನ್ನುತ್ತಿದ್ದರೆ, ಸಾಮಾನು ತೋರಿಸುವ ಹುಡುಗಿ “ಅಜ್ಜಿ, ಪೆಟ್ ಶಾಪ್ ಆ ಕಡೆ ಇದೆ” ಅನ್ನಬೇಕೇ! ನಾನು ನಕ್ಕು ನಕ್ಕು ಸುಸ್ತಾದೆ. ಅವಳು ಹಸಿರು ಚುಕ್ಕೆ ತೋರಿಸಿದ್ದಕ್ಕೆ ಅತ್ತೆ, “ಒಳಗ ಏನೈತಿ ಅಂತ ಕೇಳಲಿಲ್ಲ, ಯಾರ ಕಣ್ಣಿಗೆ ಹಾಕಿ ನೋಡೀರಿ ಅಂತ ಕೇಳಿದ್ದು” ಅಂದರು. ಪೌಡರ್ ಸಿಗಲಿಲ್ಲ. ಇವತ್ತು ಮುಖಕ್ಕೆ ಏನೂ ಹಚ್ಚದೆ ಓಡಾಡುತ್ತಿದ್ದಾರೆ.

ವಾಪಸ್ ಬರುವಾಗ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತೇಬಿಟ್ಟಿತ್ತು. ಅತ್ತೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ, ಯಾರಿಗೂ ಕೇಳದ ಹಾಗೆ, “ಮೊಲದ ಸಾರು ಹೆಂಗಿರ್ತಿತ್ತು?” ಅಂದರು. ಸುಳ್ಳು ಹೇಳಲಿಲ್ಲ ಅಮ್ಮಾ. ಬಹಳ ಚೆನ್ನಾಗಿರ್ತಿತ್ತು, ಅಮ್ಮ ಮೆಣಸು ಜಾಸ್ತಿ ಹಾಕ್ತಿದ್ದಳು ಅಂದೆ. ಹೂಂ ಅಂದರು. ಬಸ್ಸು ಸ್ವಲ್ಪ ಮುಂದೆ ಹೋದ ಮೇಲೆ, “ಅದನ್ನೆಲ್ಲಾ ಬಿಟ್ಟು ಬಂದೀಯಲ್ಲ” ಅಂದರು. ಈ ಮನೆಗೆ ಬಂದಾಗಿನಿಂದ ಯಾರೂ ನನಗೆ ಈ ಮಾತು ಹೇಳಿರಲಿಲ್ಲ. ಕಣ್ಣೀರು ಬಂತು, ಅಷ್ಟು ಜನರ ನಡುವೆ.

ಹಾಗಾಗಿ ಲೋಕೇಶಣ್ಣ ನನ್ನನ್ನು ಕರೆದೊಯ್ಯಲು ಬರುವುದು ಬೇಡ. ನಾನೇನೂ ಬರುತ್ತೇನೆ ಅಂತ ಹೇಳಿರಲಿಲ್ಲ, ನೀನೇ ಹಟ ಹಿಡಿದದ್ದು. ಬರುವುದಾದರೆ ನಿನ್ನನ್ನೂ ಕೂರಿಸಿಕೊಂಡು ಊಟಕ್ಕೆ ಬರಲಿ. ಎಣ್ಣೆಗಾಯಿ, ಜೋಳದ ರೊಟ್ಟಿ ಮಾಡುತ್ತಾರಂತೆ ಅತ್ತೆ. ಬಾಗಿಲಲ್ಲೇ ಜಗಳ ತೆಗೆಯಬೇಡ ಅಂತ ಅವನಿಗೆ ಹೇಳಿಟ್ಟಿರು.

ನಿನ್ನ ಮುಂಗೋಪಿ ಮಗಳು,
ಸೌಮ್ಯಾ

ಇನ್ನೊಂದು ಮಾತು: ನಿನ್ನಿಂದ ಒಂದು ಮುಚ್ಚಿಟ್ಟಿದ್ದೆ. ಮಂಗಳವಾರವೇ ಸೀರೆಗಳನ್ನೆಲ್ಲ ಬ್ಯಾಗಿಗೆ ತುಂಬಿ ಮಂಚದ ಕೆಳಗೆ ಇಟ್ಟಿದ್ದೆ, ಸಿದ್ದಾರ್ಥನಿಗೂ ಹೇಳದೆ. ಈ ಕಾಗದ ಮಡಿಸಿ, ಅದನ್ನು ಬಿಚ್ಚೋಣ ಅಂತ ಎಳೆದರೆ ಬ್ಯಾಗ್ ಹಗುರವಾಗಿ ಬಂತು. ಬೀರು ತೆಗೆದು ನೋಡಿದೆ. ನನ್ನ ಸೀರೆಗಳೆಲ್ಲ ಅಲ್ಲಿವೆ, ಅತ್ತೆ ತಮ್ಮದೇ ಮಡಿಕೆಯಲ್ಲಿ ಇಟ್ಟಿದ್ದಾರೆ. ಮೇಲೆ ಬಾಲ್ಕನಿಯಲ್ಲಿದ್ದ ಆ ಡಬ್ಬಿ. ಈ ಸಲ ಪೇಪರಿನಲ್ಲಿ ಹಿಡಿದು ತಂದಿಲ್ಲ. ಮೊಲದ ಮೇಲೆ ಅವರ ವಿಭೂತಿ ಬೆರಳಿನ ಗುರುತಿದೆ.