ರೆಕಾರ್ಡರ್ ನಿಲ್ಲಿಸಿದ ಮೇಲೆ

ಜೂನ್ 3, ಸೋಮವಾರ. ಸಂಜೆ

ಇವತ್ತೂ ಅದೇ ಪಾಠ. ಖಾಲಿ ಕೋಣೆಯಲ್ಲಿ ನಿಂತು ಮೌನ ರೆಕಾರ್ಡ್ ಮಾಡುವುದು. ಯಾರನ್ನು ಮಾತಾಡಿಸಿದರೂ ಕೊನೆಗೆ ಆ ಕೋಣೆಯ ಮೌನವನ್ನೂ ಸ್ವಲ್ಪ ಹಿಡಿದು ತರಬೇಕು. ಎಡಿಟ್ ಮಾಡುವಾಗ ಮಾತಿನ ಮಧ್ಯದ ತೂತು ಮುಚ್ಚಲು. ನನ್ನ ರೂಮ್‌ಮೇಟ್ ತರಲೆಗೆ ನಗು ತಡೆಯಲಾಗಲಿಲ್ಲ. ಮತ್ತೆ ಮೊದಲಿಂದ. ನಮಗೆ ಕಲಿಸುವ ಹೆಡ್‌ಫೋನ್ ಮೇಡಂ ಬೈಯಲಿಲ್ಲ. "ನಗು ಮುಗಿದ ಮೇಲೆ ಹೇಳು, ಕಾಯ್ತೀನಿ" ಅಂದರು. ಬೈದಿದ್ದರೇ ವಾಸಿ ಇತ್ತು.

ನಮ್ಮ ಪತ್ರಿಕೋದ್ಯಮ ವಿಭಾಗದಿಂದ ಈ ಪರದೇಶಕ್ಕೆ ತರಬೇತಿಗೆ ಬಂದವರೆಲ್ಲ ಕ್ಯಾಮೆರಾ ಹೊತ್ತು ಊರು ಸುತ್ತುತ್ತಿದ್ದಾರೆ. ರೇಡಿಯೋ ಆರಿಸಿಕೊಂಡ ಬುದ್ಧಿವಂತರು ನಾನು, ತರಲೆ, ಇಬ್ಬರೇ. ಮೇಡಂ ಈ ಊರಿನವರು. ಸ್ಟೇಷನ್ನಿನಲ್ಲೇ ಕೂದಲು ನರೆತವರು. ಕುತ್ತಿಗೆಯಿಂದ ಹೆಡ್‌ಫೋನ್ ಇಳಿದದ್ದನ್ನು ಯಾರೂ ನೋಡಿಲ್ಲ.

ಮನೆಗೆ ಫೋನ್. ಅಪ್ಪನ ಗಂಟಲು ಇನ್ನಷ್ಟು ಕಟ್ಟಿದೆ. ಗರಗಸದಲ್ಲಿ ಹಲಗೆ ಕೊಯ್ದ ಹಾಗೆ ಕೇಳುತ್ತದೆ. ಇಡೀ ಆಯಸ್ಸು ತರಕಾರಿ ಮಂಡಿಯಲ್ಲಿ ಹರಾಜು ಕೂಗಿದ ಗಂಟಲು. ಗಡ್ಡೆಯೂ ಅಲ್ಲಿಗೇ ಹುಡುಕಿಕೊಂಡು ಬಂತು. ನಾನು ವಾಪಸ್ ಹೋದ ಮೇಲೆ ಆಪರೇಷನ್. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯುತ್ತಾರೆ. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಡಾಕ್ಟರು ಇಷ್ಟೇ ಸರಳವಾಗಿ ಹೇಳಿದ್ದು.

ಅದಕ್ಕೇ ನನ್ನ ಪ್ಲಾನು. ಇಲ್ಲಿ ಚೆನ್ನಾಗಿ ಕಲಿಯುವುದು. ಹೋದ ತಕ್ಷಣ ಒಳ್ಳೆ ಮೈಕ್ ಇಟ್ಟು ಅಪ್ಪನನ್ನು ಕೂರಿಸಿ ಮಾತಾಡಿಸುವುದು. ಬೆಳಿಗ್ಗೆ ಸಂಜೆ, ಅವರಿಗೆ ಸಾಕಾಗುವ ತನಕ. ಎಲ್ಲ ಇಟ್ಟುಕೊಳ್ಳುವುದು. ಹೇಳಿದೆ. "ಆಯ್ತು ಕಣೇ ಡಂಗುರ. ಮಾತು ಕೊಟ್ಟೆ. ನಾನೇನು ಎಲ್ಲಿಗೂ ಓಡಿಹೋಗಲ್ಲ" ಅಂದರು. ಚಿಕ್ಕವಳಿದ್ದಾಗ ಮನೆಯ ಗುಟ್ಟನ್ನೆಲ್ಲ ಬೀದಿಗೆ ಸಾರುತ್ತಿದ್ದೆನಂತೆ. ಅವತ್ತಿಂದ ಅಪ್ಪನಿಗೆ ನಾನು ಡಂಗುರ.

ಜೂನ್ 6, ಗುರುವಾರ

ಲಾಂಡ್ರಿ ಅಂಗಡಿಯ ಹೆಂಗಸನ್ನು ಮಾತಾಡಿಸಿ ಬಂದೆ. ರೆಕಾರ್ಡರ್ ಮುಂದೆ ಹಿಡಿದಾಗ ಬಟ್ಟೆ, ಸೋಪು, ಗಿರಾಕಿ — ಪಾಠ ಒಪ್ಪಿಸಿದ ಹಾಗೆ. ಥ್ಯಾಂಕ್ಸ್ ಹೇಳಿ ಆಫ್ ಮಾಡಿದೆ. ಆಗ ಶುರು ಮಾಡಿದಳು ನೋಡು. ಯಾರೋ ಇಸ್ತ್ರಿಗೆ ಕೊಟ್ಟು ವರ್ಷಗಳಿಂದ ಒಯ್ಯದೇ ಇರುವ ಮದುವೆ ಕೋಟಿನ ಕಥೆ. ಅವನು ಬರುತ್ತಾನೆ ಅಂತ ಪ್ರತಿ ವಾರ ಧೂಳು ಒರೆಸುತ್ತಾಳಂತೆ. ಒಂದಕ್ಷರ ರೆಕಾರ್ಡ್ ಆಗಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮೇಡಂಗೆ ಹೇಳಿದೆ. ನಕ್ಕರು. "ಯಾವಾಗ್ಲೂ ಹೀಗೇ. ನಿಜವಾದ ಮಾತು ಬರೋದು ಆಫ್ ಮಾಡಿದ ಮೇಲೆ. ಅದಕ್ಕೇ ಬಾಗಿಲು ದಾಟೋ ತನಕ ಆಫ್ ಮಾಡ್ಬೇಡ." ಆಮೇಲೆ ನಗು ನಿಲ್ಲಿಸಿ, "ಆದ್ರೆ ಒಂದು. ಆಫ್ ಮಾಡಿದೀನಿ ಅಂತ ಬಾಯಲ್ಲಿ ಹೇಳಿ ಆನ್ ಇಟ್ರೆ, ನಾಳೆಯಿಂದ ಈ ಕಟ್ಟಡದೊಳಗೆ ಬರಬೇಡ. ಕೇಳದೆ ಶುರು ಮಾಡ್ಬಾರ್ದು, ಹೇಳದೆ ಮುಂದುವರಿಸ್ಬಾರ್ದು."

ಬಂದ ದಿನದಿಂದ ಇದನ್ನೇ ಅರೆದು ಕುಡಿಸುತ್ತಿದ್ದಾರೆ. ತರಲೆ ಈಗ ನನ್ನ ಬಾಚಣಿಗೆ ತೆಗೆದುಕೊಳ್ಳುವಾಗಲೂ ಅನುಮತಿ ಕೇಳುತ್ತಾಳೆ. ಮುಂಚೆ ಕೇಳದೇ ತೆಗೆದುಕೊಳ್ಳುತ್ತಿದ್ದಳು. ಒಂದು ಉಪಕಾರವಂತೂ ಆಯಿತು.

ಜೂನ್ 9, ಭಾನುವಾರ

ಅಪ್ಪ ಎರಡು ಮಾತಾಡಿ ಕೆಮ್ಮಿದರು. ಅಣ್ಣ ಫೋನ್ ತೆಗೆದುಕೊಂಡ. ಹೇಗಿದ್ದಾರೆ ಅಂದರೆ, "ಇದ್ದಾರೆ. ಹಾಗೇ. ಪರವಾಗಿಲ್ಲ. ನೋಡ್ಬೇಕು." ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಬಿಡಲಿಲ್ಲ ನಾನು. ಉಸಿರಾಟ ಹೇಗಿದೆ? ರಾತ್ರಿ ಮಲಗ್ತಾರಾ, ಕೂತೇ ಇರ್ತಾರಾ? ಡಾಕ್ಟರ್ ಏನಂದ್ರು?

"ನನ್ನ ಇಂಟರ್‌ವ್ಯೂ ಮಾಡ್ಬೇಡ ಕಣೇ" ಅಂದ. ಫೋನ್ ಇಟ್ಟುಬಿಟ್ಟ.

ಕೂತೇ ಇರುತ್ತಾರೆ. ಅಷ್ಟು ಗೊತ್ತಾಯಿತು.

ಜೂನ್ 12, ಬುಧವಾರ. ಮಧ್ಯಾಹ್ನ

ಆಪರೇಷನ್ ನಾಡಿದ್ದಂತೆ. ಶುಕ್ರವಾರ ಬೆಳಿಗ್ಗೆ. ಉಸಿರಿಗೇ ತೊಂದರೆ, ಇನ್ನು ಕಾಯುವ ಹಾಗಿಲ್ಲ. ನಿನ್ನೆಯೇ ಆಸ್ಪತ್ರೆಗೆ ಸೇರಿಸಿದ್ದಾರೆ.

ನಮ್ಮ ಜೊತೆ ಬಂದಿರುವ ಮೇಷ್ಟ್ರ ಹತ್ತಿರ ಓಡಿದೆ. ಪಾಪ, ಅವರೂ ವಿಮಾನದ ಟಿಕೆಟ್ಟಿಗೆ ಎಲ್ಲ ಕಡೆ ಫೋನ್ ಮಾಡಿದರು. ಎಷ್ಟು ಗುದ್ದಾಡಿದರೂ ಶುಕ್ರವಾರದೊಳಗೆ ಮುಟ್ಟುವುದಿಲ್ಲ. ಅಮ್ಮ ಹೇಳಿದಳು, "ಬಂದು ಏನ್ ಮಾಡ್ತೀಯ? ನನ್ ಪಕ್ಕದಲ್ಲಿ ಬಾಗಿಲ ಹೊರಗೆ ಕೂತ್ಕೋಬೇಕಷ್ಟೆ. ಶುರು ಮಾಡಿದ್ದು ಮುಗಿಸ್ಕೊಂಡು ಬರ್ಬೇಕಂತೆ, ನಿಮ್ಮಪ್ಪನ ಆರ್ಡರು."

ಅಣ್ಣನಿಗೆ ಹೇಳಿದೆ, ನೀನೇ ನಿನ್ನ ಫೋನಲ್ಲಿ ಅಪ್ಪನ ಮಾತು ರೆಕಾರ್ಡ್ ಮಾಡಿಡು ಅಂತ. ಆಗಲೇ ಮಾಡಲು ಹೋಗಿದ್ದನಂತೆ. ಫೋನ್ ನೋಡಿದ್ದೇ ತಡ, ಅಪ್ಪ ಗೋಡೆಯ ಕಡೆ ತಿರುಗಿದರಂತೆ. "ಅವಳಿಗೆ ಮಾತು ಕೊಟ್ಟಿದೀನಿ. ಅವಳ ಹತ್ರನೇ ಮಾತಾಡ್ತೀನಿ" ಅಂದರಂತೆ. ನಾಳೆ ಮಧ್ಯಾಹ್ನ ನನ್ನ ಜೊತೆ ಫೋನಲ್ಲಿ ಅಂತ ಗೊತ್ತುಮಾಡಿದ್ದಾಗಿದೆ.

ನನ್ನ ಫೋನ್ ಪೂರ್ತಿ ಜಾಲಾಡಿದೆ. ಅಪ್ಪ ವಾಯ್ಸ್ ಮೆಸೇಜ್ ಕಳಿಸುವವರಲ್ಲ. ಮದುವೆ ವಿಡಿಯೋಗಳಲ್ಲಿ ದೂರದಲ್ಲಿ ಯಾರ ಜೊತೆಗೋ ಕೈಯಾಡಿಸುತ್ತಾ ಮಾತಾಡುತ್ತಾರೆ, ಓಲಗದಲ್ಲಿ ಏನೂ ಕೇಳುವುದಿಲ್ಲ. ಸ್ಪಷ್ಟವಾಗಿ ಸಿಕ್ಕಿದ್ದು ಒಂದೇ. ಅಣ್ಣ ಹೊಸ ಫೋನ್ ತಂದ ದಿನದ್ದು. "ಆ ಕಡೆ ಹಿಡಿಯೋ, ಏನದು ಮೂತಿಗೆ."

ಬೀದಿಬೀದಿ ಅಲೆದು ಗುರುತು ಪರಿಚಯವಿಲ್ಲದವರ ಮಾತನ್ನೆಲ್ಲ ಕಾರ್ಡಿಗೆ ತುಂಬಿಸಿದ್ದೇನೆ. ದೀಪದ ಬುಡದಲ್ಲೇ ಕತ್ತಲೆ. ನನಗೆ ಭಯ ಆಗುತ್ತಿದೆ.

ಜೂನ್ 13, ಗುರುವಾರ. ಸಂಜೆ

ಮೇಡಂ ತಮ್ಮ ಸ್ಟುಡಿಯೋ ಬಿಟ್ಟುಕೊಟ್ಟರು. ಫೋನ್ ಲೈನನ್ನು ಮೆಷಿನ್ನಿಗೆ ತಾವೇ ಜೋಡಿಸಿ, ಧ್ವನಿಯ ಲೆವೆಲ್ ನೋಡಿ, ಬಾಗಿಲು ಎಳೆದುಕೊಂಡು ಹೋದರು.

ಅಪ್ಪ ಲೈನಿಗೆ ಬಂದರು. ನರ್ಸ್ ಜಾಸ್ತಿ ಮಾತಾಡಬೇಡಿ ಅಂದಿದ್ದಾರಂತೆ. "ನಾಳೆಯಿಂದ ಮಾತಾಡಲ್ಲಮ್ಮ, ಇವತ್ತೊಂದಿನ ಬಿಡು ಅಂದೆ" ಅಂತ ನಕ್ಕರು. ಆ ನಗು ರೆಕಾರ್ಡ್ ಆಗಲಿಲ್ಲ. ಇನ್ನೂ ಅನುಮತಿ ಕೇಳಿರಲಿಲ್ಲವಲ್ಲ.

ಕೇಳಿದೆ. "ಅಪ್ಪ, ರೆಕಾರ್ಡ್ ಮಾಡ್ಲಾ?"

"ಮಾಡಮ್ಮ. ಅದಕ್ಕೇ ತಾನೇ ಬಂದಿರೋದು."

ಕೆಂಪು ದೀಪ ಹತ್ತಿತು. ಗಂಟಲು ಸರಿಮಾಡಿಕೊಂಡರು. ಆಮೇಲೆ ಯಾರೋ ಬೇರೆಯವರು ಮಾತಾಡಿದರು. "ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ನಿನ್ನ ತಂದೆಯು ಮಾಡುವ ಅನೇಕ ಆಶೀರ್ವಾದಗಳು. ಉಭಯಕುಶಲೋಪರಿ. ತರುವಾಯ, ವಿದ್ಯಾರ್ಥಿಗಳು ಪರದೇಶದಲ್ಲಿ ಶಿಸ್ತಿನಿಂದ ನಡೆದುಕೊಳ್ಳತಕ್ಕದ್ದು..."

ನನಗೆ ಮದುವೆಯೇ ಆಗಿಲ್ಲ, ಸೌಭಾಗ್ಯವತಿಯಂತೆ. ಅಪ್ಪ, ಮಾಮೂಲಿಯಾಗಿ ಮಾತಾಡಿ ಅಂದೆ. "ಮಾಮೂಲಿಯಾಗಿಯೇ ಮಾತನಾಡುತ್ತಿದ್ದೇನೆ" ಅಂದರು. ಮಾತನಾಡುತ್ತಿದ್ದೇನೆ. ನಮ್ಮಪ್ಪ. ಮಂಡಿಯ ಬಗ್ಗೆ ಕೇಳಿದೆ. "ಸದರಿ ಮಾರುಕಟ್ಟೆಯಲ್ಲಿ ನಾನು ಸುದೀರ್ಘ ಸೇವೆ ಸಲ್ಲಿಸಿರುತ್ತೇನೆ." ಅಮ್ಮನ ಬಗ್ಗೆ ಕೇಳಿದೆ. "ನಿನ್ನ ತಾಯಿಯವರು ಸದ್ಗುಣ ಸಂಪನ್ನೆ." ಪ್ರತಿ ವಾಕ್ಯಕ್ಕೂ ಉಸಿರಿಗೆ ಒದ್ದಾಡುತ್ತಿದ್ದಾರೆ. ಒದ್ದಾಡಿ ಒದ್ದಾಡಿ ಹೇಳಿದ್ದೆಲ್ಲ ಇಂಥದ್ದು. ಪ್ರೀತಿಯಿಂದಲೇ, ಪಾಪ. ಮಗಳಿಗೆ ಒಳ್ಳೆಯ ಭಾಷೆ ಬಿಟ್ಟುಹೋಗಬೇಕು ಅಂತ.

"ಸಾಕಲ್ವಾ? ನಿಲ್ಸು" ಅಂದರು. ನಿಲ್ಲಿಸಿದೆ.

"ನಿಲ್ಸಿದ್ಯಾ?"

"ಹೂಂ ಅಪ್ಪ."

"ನಿಜವಾಗ್ಲೂ?"

ಬೆರಳು ಬಟನ್ ಮೇಲೇ ಇತ್ತು. ಒತ್ತಿದರೆ ಅಪ್ಪನಿಗೆ ಗೊತ್ತಾಗುವ ಮಾತೇ ಇಲ್ಲ. ನಿಜವಾಗ್ಲೂ ಅಂದೆ. ಕೈ ತೆಗೆದೆ.

"ಅಬ್ಬ. ಬಿಗಿ ಕೋಟು ಬಿಚ್ಚಿದ ಹಾಗಾಯ್ತು ನೋಡು." ಆಮೇಲೆ ಶುರುವಾಯಿತು. ಅದೇ ಗರಗಸ, ಅದೇ ಅಪ್ಪ. ತಡೆದು ತಡೆದು, ಕೆಮ್ಮಿಕೊಂಡು. "ನೀನು ಹುಟ್ಟಿದ ಸುದ್ದಿ ಬಂದಾಗ ನಾನು ಟೊಮೇಟೊ ಕೂಗ್ತಿದ್ದೆ ಕಣೇ. ನಿಮ್ ಸೋದರಮಾವ ಓಡಿ ಬಂದು ಕಿವೀಲಿ ಹೇಳ್ದ. ಬಾಯಿ ಅದೇ ರಾಗದಲ್ಲಿ ಇತ್ತಲ್ಲ... ಹೆಣ್ಣು ಮಗು, ಹೆಣ್ಣು ಮಗು ಅಂತ ಕೂಗ್ಬಿಟ್ಟೆ. ಹಿಂದೆ ನಿಂತಿದ್ದ ಒಬ್ಬ ಮುದುಕ, ಅಭ್ಯಾಸ ನೋಡು, ಕೈ ಎತ್ತಿ ಬೆಲೆ ಹೇಳ್ಬಿಟ್ಟ. ಕೊಡಲ್ಲ ಹೋಗಯ್ಯಾ ಅಂದೆ."

ಬಿದ್ದುಬಿದ್ದು ನಕ್ಕೆ. ಅಪ್ಪ ಅದರ ಮೇಲೆ ಇನ್ನೇನೋ ಒಂದು ಮಾತು ಹೇಳಿದರು, ನನ್ನ ನಗುವಿನಲ್ಲಿ ಕೇಳಲಿಲ್ಲ. ಏನಪ್ಪ ಅಂದೆ. "ಏನಿಲ್ಲ ಬಿಡು" ಅಂದರು. ಅಷ್ಟರಲ್ಲಿ ನರ್ಸ್ ದನಿ. "ಆಯ್ತಮ್ಮ, ಇಡ್ತೀನಿ." ಇಟ್ಟರು.

ಮತ್ತೆ ಆನ್ ಮಾಡ್ಲಾ ಅಂತ ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ಮತ್ತೆ ಕೋಟು ಹಾಕಿಕೊಳ್ಳುತ್ತಿದ್ದರು. ಅದೂ ಗೊತ್ತಿತ್ತು ನನಗೆ.

ಜೂನ್ 14

ಮುಗಿಯಿತಂತೆ. ಜೀವಕ್ಕೇನೂ ತೊಂದರೆಯಿಲ್ಲವಂತೆ. ಅಮ್ಮ ಹೇಳಿದಳು. ಅಪ್ಪನಿಗೆ ಫೋನ್ ಕೊಡು ಅಂದುಬಿಟ್ಟೆ. ಅಭ್ಯಾಸ.

ಜೂನ್ 20, ಗುರುವಾರ

ಇವತ್ತು ಧೈರ್ಯ ಮಾಡಿ ಅಪ್ಪನ ರೆಕಾರ್ಡಿಂಗ್ ಕೇಳಿದೆ. ಉಭಯಕುಶಲೋಪರಿ. ಮೇಡಂ ತಾವೂ ಕೇಳ್ತೀನಿ ಅಂದರು. ಭಾಷೆ ಬಾರದಿದ್ದರೂ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಗಂಭೀರವಾದ ಧ್ವನಿ. ದೊಡ್ಡ ಅಧಿಕಾರಿಯಾ ನಿಮ್ಮ ತಂದೆ?"

ಅಲ್ಲ, ಇದು ಅವರ ಧ್ವನಿಯೇ ಅಲ್ಲ ಅಂದೆ. ಎಲ್ಲ ಹೇಳಿದೆ. ನಿಲ್ಲಿಸಿದ್ದು, ಆಮೇಲೆ ಅವರು ಮಾತಾಡಿದ್ದು. ಮೇಡಂ ಹೆಡ್‌ಫೋನ್ ಕುತ್ತಿಗೆಯಿಂದ ತೆಗೆದು ಮೇಜಿನ ಮೇಲಿಟ್ಟರು. "ನೀನು ಮಾಡಿದ್ದು ಸರಿ" ಅಂದರು.

ತಪ್ಪು ಅಂದಿದ್ದರೆ ಅತ್ತು ಹಗುರ ಆಗುತ್ತಿದ್ದೆ. ಸರಿ ಅಂದಮೇಲೆ ಯಾರನ್ನು ಬೈಯುವುದು? ತರಲೆ ಕೇಳದೇ ಬಂದು ತಬ್ಬಿಕೊಂಡಳು.

ಜುಲೈ 1, ಸೋಮವಾರ

ಮನೆ. ಅಪ್ಪ ಇಳಿದುಹೋಗಿದ್ದಾರೆ. ಕುತ್ತಿಗೆಯ ಬುಡದಲ್ಲಿ ತೂತು, ಅದರ ಮೇಲೆ ತೆಳ್ಳನೆ ಬಟ್ಟೆ. ಉಸಿರಾಡಿದಾಗ ಬಟ್ಟೆ ಅಲುಗುತ್ತದೆ. ನನ್ನನ್ನು ನೋಡಿ ಚಪ್ಪಾಳೆ ತಟ್ಟಿದರು. ಈಗ ಎಲ್ಲರನ್ನೂ ಕರೆಯುವುದು ಹಾಗೇ. ಅಮ್ಮನಿಗೆ ಎರಡು, ಅಣ್ಣನಿಗೆ ಒಂದು. ನನಗೆ ಯಾವುದು ಅಂತ ಇನ್ನೂ ಗೊತ್ತುಮಾಡಿಲ್ಲ.

ಬರೆಯಲು ಬಿಳಿ ಬೋರ್ಡು ತಂದಿಟ್ಟಿದ್ದಾರೆ. ಮುಟ್ಟುವುದಿಲ್ಲ. ಮುಂದಿಟ್ಟರೆ ಮಗುಚಿ ಹಾಕುತ್ತಾರೆ. ಅಣ್ಣ ಬೈದೂ ನೋಡಿದ್ದಾನೆ.

ರೆಕಾರ್ಡಿಂಗ್ ಎಲ್ಲಿ ಅಂತ ಸನ್ನೆ ಮಾಡಿದರು. ಹಾಕಿದೆ. ತಲೆದೂಗುತ್ತಾ ಕೇಳಿದರು, ಬಹಳ ಖುಷಿ. ಅಮ್ಮ ಅಡುಗೆಮನೆಯಿಂದ ಬಂದಳು. "ಇದ್ಯಾರು, ಕೋರ್ಟಿಂದ ಬಂದಿದಾರಾ?" ಅಪ್ಪನ ಭುಜ ಕುಲುಕತೊಡಗಿತು, ಬಾಯಿ ತೆರೆದುಕೊಂಡಿತು. ಕೆಮ್ಮು ಬಂತು ಅಂತ ನೀರಿಗೆ ಓಡಿದೆ. ಅಮ್ಮ ಕೈ ಹಿಡಿದು ನಿಲ್ಲಿಸಿದಳು. "ಏನಿಲ್ವೇ. ನಗ್ತಿದಾರೆ."

ಜುಲೈ 4, ಗುರುವಾರ

ವಿಭಾಗದಲ್ಲಿ ಅನುಭವ ಹಂಚಿಕೆ. ಮುಖ್ಯಸ್ಥರು, ಜೂನಿಯರ್‌ಗಳು, ಬಿಸ್ಕೆಟ್ಟು. ಪ್ರವಾಸದಿಂದ ಏನು ಕಲಿತಿರಿ, ಒಬ್ಬೊಬ್ಬರೇ ಹೇಳಿ. ಒಬ್ಬ ಗಡಿಯಿಲ್ಲದ ಪತ್ರಿಕೋದ್ಯಮ ಅಂದ. ಒಬ್ಬಳು ಒಬ್ಬಳೇ ಬಸ್ ಹತ್ತುವುದು ಕಲಿತೆ ಅಂದಳು, ಅದು ನಿಜ. ತರಲೆ ಮೌನವನ್ನೂ ರೆಕಾರ್ಡ್ ಮಾಡಬಹುದು ಅಂದಳು, ಎಲ್ಲರೂ ನಕ್ಕರು, ಅವಳಿಗೆ ಕಣ್ಣು ತುಂಬಿತು.

ನನ್ನ ಸರದಿ. ಅನುಮತಿ ಕೇಳುವುದನ್ನು ಕಲಿತೆ ಅಂದೆ. ಚಪ್ಪಾಳೆ. ಮುಖ್ಯಸ್ಥರು ಜೂನಿಯರ್‌ಗಳ ಕಡೆ ತಿರುಗಿ, "ಬರೆದುಕೊಳ್ಳಿ" ಅಂದರು. ಸಿಟ್ಟು ಬಂತು. ಅವರ ಮೇಲಲ್ಲ. ಯಾರ ಮೇಲೂ ಅಲ್ಲ.

ಜುಲೈ 7, ಭಾನುವಾರ. ಸಂಜೆ

ಊಟ ಮುಗಿಸಿ ಎಲ್ಲರೂ ನಡುಮನೆಯಲ್ಲಿ ಕೂತಿದ್ದೆವು. ಅಮ್ಮ ಕೇಳಿದಳು, "ಅವತ್ತು ರೆಕಾರ್ಡಿಂಗ್ ನಿಲ್ಸಿದ ಮೇಲೂ ಮಾತಾಡಿದ್ರಂತಲ್ಲ, ಏನಂದ್ರೇ? ನನ್ನ ಹೊರಗೆ ಕಳಿಸ್ಬಿಟ್ಟಿದ್ರು ನಿಮ್ಮಪ್ಪ."

ಅಪ್ಪನ ಮುಖ ನೋಡಿದೆ. ಹೇಳು ಅಂತ ಗಲ್ಲ ಎತ್ತಿದರು.

ಎದ್ದು ನಿಂತೆ. ಅಪ್ಪನ ಹಾಗೆ ದನಿ ಒಡಕು ಮಾಡಿಕೊಂಡೆ. ನೀನು ಹುಟ್ಟಿದ ಸುದ್ದಿ ಬಂದಾಗ ನಾನು ಟೊಮೇಟೊ ಕೂಗ್ತಿದ್ದೆ ಕಣೇ... ಅವರು ಉಸಿರಿಗೆ ನಿಂತಲ್ಲಿ ನಿಂತೆ, ಕೆಮ್ಮಿದಲ್ಲಿ ಕೆಮ್ಮಿದೆ. ಹೆಣ್ಣು ಮಗು, ಹೆಣ್ಣು ಮಗು ಅಂತ ಅದೇ ರಾಗದಲ್ಲಿ ಕೂಗಿದೆ. ಅಣ್ಣ ನಕ್ಕ. ಅಮ್ಮ ಸೆರಗು ಬಾಯಿಗೆ ಹಿಡಿದಳು. ಅಪ್ಪನ ತುಟಿ ನನ್ನ ಜೊತೆಜೊತೆಗೇ ಆಡುತ್ತಿತ್ತು. ಒಂದಕ್ಷರ ಹಿಂದೆ ಇಲ್ಲ, ಒಂದಕ್ಷರ ಮುಂದೆ ಇಲ್ಲ. ಮುದುಕ ಕೈ ಎತ್ತಿದ. ಕೊಡಲ್ಲ ಹೋಗಯ್ಯಾ ಅಂದೆ.

ಅಲ್ಲಿಗೆ ನಿಲ್ಲಿಸಿದೆ. ನಾನು ಕೇಳಿಸಿಕೊಂಡದ್ದು ಅಲ್ಲಿಗೇ.

ಅಪ್ಪ ನಿಲ್ಲಿಸಲಿಲ್ಲ. ತುಟಿ ಆಡುತ್ತಲೇ ಇತ್ತು. ಇನ್ನೂ ಒಂದು ಮಾತು. ಅಮ್ಮ ಹತ್ತಿರ ಬಂದು ಬಾಯನ್ನೇ ನೋಡಿದಳು. ಅಣ್ಣ ಬೋರ್ಡು ತಂದು ಹಿಡಿದ. ಪಕ್ಕಕ್ಕೆ ತಳ್ಳಿದರು. ನನ್ನ ಕೈ ಹಿಡಿದು ಎದುರಿಗೆ ಕೂರಿಸಿಕೊಂಡರು. ಮತ್ತೆ ಅದೇ ಮಾತು. ನಿಧಾನವಾಗಿ, ಮಗುವಿಗೆ ಹೇಳಿಕೊಡುವ ಹಾಗೆ, ಒಂದೊಂದೇ ಅಕ್ಷರ. ಕುತ್ತಿಗೆಯ ಬಟ್ಟೆ ಅಲುಗುತ್ತಿತ್ತು. ಅರ್ಥವಾಯಿತಾ ಅಂತ ಹುಬ್ಬು ಎತ್ತಿದರು. ಏನೂ ತಿಳಿಯಲಿಲ್ಲ. ಆದರೂ ನಾನು ಹೂಂ ಅಪ್ಪ ಅಂದೆ. ನಿಜವಾಗ್ಲೂ ಅನ್ನುವ ಹಾಗೆ ನೋಡಿದರು. ನಾನು—