ಸುಣ್ಣದ ಗೆರೆಯಲ್ಲಿ ಉಳಿದ ಓಣಿ

ಚಿಕ್ಕಪ್ಪಾ! ಗ್ಯಾಲರಿಯ ಕೊನೆಯ ಬೆಂಚಿನಲ್ಲಿ ಕೂತವನಿಗೂ ಮುಟ್ಟುವ ಹಾಗೆ ಕೂಗುತ್ತಿದ್ದೇನೆ, ಕೇಳಿಸಿತೇ? ಕಾಗದದ ಮೇಲೂ ನನ್ನ ಗಂಟಲು ತಗ್ಗುವುದಿಲ್ಲ. ತಗ್ಗಿಸಬಾರದೆಂದು ಕಲಿಸಿದವರೇ ನೀವು. ನೀವಿರುವ ಕಡೆ ನಿಮ್ಮ ಕಣ್ಣು ಮತ್ತೆ ಕಾಣುತ್ತಿದ್ದರೆ ಇದನ್ನು ನೀವೇ ಓದಿಕೊಳ್ಳಿ. ಇಲ್ಲದಿದ್ದರೆ ಯಾರಿಂದಲಾದರೂ ಓದಿಸಿ. ಗೊಣಗುವವರ ಕೈಗೆ ಮಾತ್ರ ಕೊಡಬೇಡಿ!

ಬೆಳಗಾದರೆ ನೀವು ಹೊರಡುತ್ತಿದ್ದ ಆ ಠೀವಿ! ಅರ್ಧ ಆಯುಷ್ಯವನ್ನು ನಾಟಕ ಕಂಪನಿಯಲ್ಲಿ ರಾಣಿಯ ಪಾತ್ರಕ್ಕೆ ಕೊಟ್ಟು, ಕಂಪನಿ ಮುಚ್ಚಿದ ಮೇಲೆ ರಾಜಾಜಿನಗರದ ನಮ್ಮ ವಠಾರಕ್ಕೆ ಬಂದಿರಿ. ಆ ಹೊತ್ತಿಗೆ ನಿಮಗೆ ಬೆಳಕು ಯಾವುದು, ನೆರಳು ಯಾವುದು ಎನ್ನುವುದಷ್ಟೇ ತಿಳಿಯುತ್ತಿತ್ತು. ಆದರೂ ಕೋಲು ಹಿಡಿಯಲಿಲ್ಲ. ವಠಾರದ ಎರಡು ಸಾಲು ಮನೆಗಳ ನಡುವೆ ಒಂದು ಓಣಿ. ಬಲಗೈಯನ್ನು ಗೋಡೆಗೆ ಸವರಿಕೊಂಡು ಹೋದರೆ ನೇರ ಮುಂದಿನ ಬೀದಿ. ಗಡಗಡ ಎಂದರೆ ಹಿಟ್ಟಿನ ಗಿರಣಿ, ಘಮ್ಮೆಂದರೆ ಕಾಫಿಪುಡಿ ಅಂಗಡಿ, ಅದರ ಪಕ್ಕ ಬುಟ್ಟಿ ಇಟ್ಟುಕೊಂಡ ಹೂವಿನ ಮುನಿಯಮ್ಮ.

“ಬಂದ್ರಾ ಮಹಾರಾಣಿಯೋರು? ಇವತ್ತು ಸವಾರಿ ಲೇಟು!”

“ನಿನ್ನ ಮಲ್ಲಿಗೆ ನಿನ್ನೇದು ಕಣೇ. ಮೂಗಿಗೆ ಗೊತ್ತಾಗುತ್ತೆ.”

“ಆ ಮೂಗು ಕುಯ್ದು ಹಾರಕ್ಕೆ ಕಟ್ಬಿಡ್ತೀನಿ, ನೋಡ್ತಾ ಇರಿ!”

ಈ ಜಗಳ ಆಗದ ದಿನ ನಿಮಗೆ ಊಟ ಸೇರುತ್ತಿರಲಿಲ್ಲ.

ವಠಾರದ ಯಜಮಾನರು ರುದ್ರಪ್ಪನವರು ನಮ್ಮೆಲ್ಲರನ್ನೂ ಅಂಗಳಕ್ಕೆ ಕರೆಸಿದ ಮಧ್ಯಾಹ್ನ ನೆನಪಿದೆಯೇ? ದಾವಣಗೆರೆಯ ಕಡೆಯಿಂದ ಬಂದು ಬಟ್ಟೆ ವ್ಯಾಪಾರದಲ್ಲಿ ಮೇಲೆ ಬಂದವರು, ಹಿಂದಿನ ಬೀದಿಯಲ್ಲೇ ಸ್ವಂತ ಮನೆ ಕಟ್ಟಿಸಿಕೊಂಡಿದ್ದವರು. ಹೆಂಚಿನ ಮನೆಗಳನ್ನೆಲ್ಲ ಕೆಡವಿ ಕೆಳಗೆ ಅಂಗಡಿ, ಮೇಲೆ ಮಹಡಿ ಮೇಲೆ ಮಹಡಿ ಮನೆ. ಹಳೆಯ ಬಾಡಿಗೆದಾರರಿಗೇ ಮೊದಲು ಎಂದರು. “ಊರು ಬೆಳ್ಯಾಕತ್ತೈತಿ. ನಾವು ನೆಲಕ್ಕ ಅಂಟಿಕೊಂಡು ಕುಂತ್ರ ಹೆಂಗ್ರೀ?” ಎಲ್ಲರಿಗೂ ಸಂತೋಷವೇ. ನಲ್ಲಿ ಮನೆಯೊಳಗೇ ಬರುತ್ತದೆಂದು ಹೆಂಗಸರು ಹಿಗ್ಗಿದರು. ಅಷ್ಟರಲ್ಲಿ ನಿಮ್ಮ ದನಿ ಎದ್ದಿತು: “ಓಣಿ?”

“ಓಣಿ ಎಲ್ಲಿರತೈತ್ರೀ ಕಾಕಾರ? ಆ ತುದಿಯಿಂದ ಈ ತುದಿಗೆ ಅಂಗಡಿ. ದೊಡ್ಡ ರಸ್ತೆ ಮ್ಯಾಲೆ ಒಂದ್ ಸುತ್ತು ಹಾಕಿ ಬಂದ್ರಾತು.”

ದೊಡ್ಡ ರಸ್ತೆ! ಕಾರ್ಖಾನೆಗಳ ಲಾರಿ, ಬಸ್ಸು, ಎತ್ತಿನ ಗಾಡಿ ಒಂದರ ಮೇಲೊಂದು ಬೀಳುವ ರಸ್ತೆ. ಕಣ್ಣಿದ್ದ ನಮಗೇ ಅಲ್ಲಿ ಎದೆ ಹಾರುತ್ತಿತ್ತು. ರುದ್ರಪ್ಪನವರು ಕೆಟ್ಟವರಲ್ಲ, ಊರಾಚೆ ಶ್ರೀಗಂಧದ ಕಾವಲಿನ ಕಡೆ ತಮ್ಮದೊಂದು ಶೀಟಿನ ಮನೆ ಇದೆ, ತಣ್ಣಗೆ ಗಾಳಿ ಬರುತ್ತದೆ, ಹೋಗಿ ಇರಿ ಎಂದರು. “ಅಲ್ಲಿ ಮಾತಾಡಕ್ಕೆ ಯಾರಿದಾರೆ ಸ್ವಾಮಿ? ನರಿಗಳಾ?” ಎಂದಿರಿ. ಅಂಗಳವೆಲ್ಲ ನಕ್ಕಿತು. ಮನೆಗೆ ಬಂದ ಮೇಲೆ ನಾನು, ದಿನಾ ನಾನೇ ಕೈಹಿಡಿದು ಕರೆದುಕೊಂಡು ಹೋಗುತ್ತೇನೆ ಎಂದೆ. “ಅದು ನಡಿಗೆ ಅಲ್ಲ ಕಣೋ, ಸಾಮಾನು ಸಾಗಿಸೋದು,” ಎಂದಿರಿ. ಆಮೇಲೆ, “ನನ್ನನ್ನ ಕೂಡಿಹಾಕ್ಬೇಡ್ರೋ...” ಸಾವಿರ ಜನರ ಥಿಯೇಟರು ತುಂಬಿಸಿದ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ವಠಾರ ಕೆಡವಿ, ಮಣ್ಣು ಸಾಗಿಸಿ, ನೆಲ ಬಯಲಾದ ಆ ಭಾನುವಾರ! ನಾವೆಲ್ಲ ಹಿಂದಿನ ಬೀದಿಯ ಬಾಡಿಗೆ ಕೋಣೆಗಳಲ್ಲಿ ಇಕ್ಕಟ್ಟಾಗಿದ್ದೆವು. ನಾನು ಕೆಲಸ ಮಾಡುವ ಕಾರ್ಖಾನೆಯ ಹುಡುಗರಿಗೆ ನೀವು ಕಲಿಸುತ್ತಿದ್ದ ನಾಟಕಕ್ಕೆ ತಾಲೀಮಿನ ಜಾಗವಿರಲಿಲ್ಲ. ಆ ಬಯಲು ಕಂಡು ನಮಗೆ ಸ್ವರ್ಗ ಸಿಕ್ಕಂತಾಯಿತು. ನೀವು ಕಂಪನಿಯ ಪದ್ಧತಿ ಹಿಡಿದು ಕೂತಿರಿ. ನೆಲದ ಮೇಲೆ ಸುಣ್ಣದಲ್ಲಿ ರಂಗ ಬರೆಯದೆ ಮೊದಲ ತಾಲೀಮಿಲ್ಲ! “ಎಡಕ್ಕೆ ಒಂದು ಸೈಡ್‌ವಿಂಗು ಎಳೀರೋ. ಬಲಕ್ಕೆ ಒಂದು. ನಡುವೆ ಹಿಂದಿನಿಂದ ಮುಂದಕ್ಕೆ ರಾಣಿ ಬರೋ ದಾರಿ. ಇಷ್ಟೇ ಅಗಲನಾ? ಅವಳ ಜೊತೆ ಸಖಿಯರು ಬರಲ್ವೇನೋ, ದಡ್ಡ ಮುಂಡೇವಾ! ಬಿಡ್ರೋ ಅಗಲಕ್ಕೆ!” ನಾವು ದಾರ ಹಿಡಿದು, ಸುಣ್ಣ ಸುರಿದು, ನೀವು ಹೇಳಿದಂತೆ ಬಯಲಿನ ಉದ್ದಕ್ಕೂ ಎರಡು ದೊಡ್ಡ ಚೌಕಗಳಾಗಿ ಎಳೆದೆವು. ನೀವು ಆ ದಾರಿಯಲ್ಲಿ ಒಮ್ಮೆ ನಡೆದು ತೋರಿಸಿದಿರಿ. ಸೆರಗಿಲ್ಲದ ಹೆಗಲ ಮೇಲೆ ಸೆರಗು ಕಂಡಿತು ನನಗೆ!

ಮರುದಿನ ಬೆಳಗ್ಗೆ ಮೇಸ್ತ್ರಿ ಪೆರುಮಾಳ್ ಆಳುಗಳೊಂದಿಗೆ ಬಂದ. ಪಾಯದ ಗುರುತು ಹಾಕಬೇಕಾಗಿದ್ದ ಇಂಜಿನಿಯರು ಬಂದಿರಲಿಲ್ಲ. ರುದ್ರಪ್ಪನವರು ಮದುವೆಗೆಂದು ಊರಿಗೆ ಹೋಗಿದ್ದರು. ನೆಲದ ಮೇಲೆ ಅಚ್ಚುಕಟ್ಟಾದ ಬಿಳಿ ಗೆರೆ! ಆತ ಇನ್ನೇನು ಮಾಡಿಯಾನು? ಅಗೆದ. ರುದ್ರಪ್ಪನವರು ವಾಪಸಾಗುವಷ್ಟರಲ್ಲಿ ನಮ್ಮ ಎರಡು ಸೈಡ್‌ವಿಂಗುಗಳ ಪಾಯಕ್ಕೆ ಸೈಜುಗಲ್ಲು ಕೂತು ಸಿಮೆಂಟು ಗಟ್ಟಿಯಾಗಿತ್ತು. ನಡುವೆ ರಾಣಿಯ ದಾರಿ ಹಾಗೇ ಬಯಲು.

“ಏನೋ ಇದು?”

“ಗೆರೆ ಇತ್ತು ಸಾರ್. ಇಂಜಿನಿಯರ್ ಸಾರ್ ಹಾಕಿದ್ದು ಅಂದ್ಕೊಂಡು...”

“ಗೆರಿ ಕಂಡ್ರ ಅಗೀತಿಯೇನು? ನಾಳೆ ನಿನ್ನ ಹಣೀ ಮ್ಯಾಲಿನ ನಾಮ ಕಂಡು ಯಾರಾರ ಅಗದ್ರ?”

ನಾವು ಹಿಂದಿನ ಬೀದಿಯಲ್ಲಿ ಬಾಯಿಗೆ ಟವೆಲ್ಲು ತುರುಕಿಕೊಂಡು ನಗುತ್ತಿದ್ದೆವು. ನೀವು ಮಾತ್ರ ನಗಲಿಲ್ಲ. ಮುಖ ಮೇಲೆತ್ತಿ ಆಲಿಸುತ್ತಿದ್ದಿರಿ. ರುದ್ರಪ್ಪನವರು ಆ ಪಾಯಗಳ ಸುತ್ತ ಸುತ್ತಿದರು, ನಿಂತರು, ಮತ್ತೆ ಸುತ್ತಿದರು. ಕೊನೆಗೆ ವ್ಯಾಪಾರಿಯ ಬುದ್ಧಿ ಕೋಪವನ್ನು ಪಕ್ಕಕ್ಕೆ ತಳ್ಳಿತು. “ಓಣಿ ಕಡಿಗೂ ಬಾಗಲಾ ಇಟ್ರ... ಒಳಗೂ ನಾಕು ಸಣ್ಣ ಅಂಗಡಿ ಕುಂದ್ರತಾವಲ್ಲೋ ಪೆರುಮಾಳ? ಇರ್ಲಿ ಬಿಡು.” ನಿಜ ಹೇಳಿ ಚಿಕ್ಕಪ್ಪಾ, ಅದು ಬರೀ ತಾಲೀಮಿನ ಗೆರೆಯೇ? ಅಥವಾ ಸೋಮವಾರ ಮೇಸ್ತ್ರಿ ಬರುತ್ತಾನೆಂದು ನಿಮಗೆ... ಎಷ್ಟು ಸಲ ಕೇಳಿದರೂ ರಾಣಿಯ ಹಾಗೆ ಕತ್ತು ತಿರುಗಿಸಿಬಿಟ್ಟಿರಿ.

ಗೋಡೆ ಸೊಂಟದೆತ್ತರಕ್ಕೆ ಬಂದ ಸಂಜೆ ನೀವು ಒಬ್ಬರೇ ಹೊರಟಿರಿ. ಹಸಿ ಇಟ್ಟಿಗೆಯ ಮೇಲೆ ಬಲಗೈ. ನಾನು ದೂರದಲ್ಲಿ ನಿಂತು ನೋಡಿದೆ, ಕರೆಯಲಿಲ್ಲ. ಆ ತುದಿಯಿಂದ ಮುನಿಯಮ್ಮನ ದನಿ ಕೇಳಿತು: “ಅಯ್ಯೋ, ಮಹಾರಾಣಿಯೋರು ಬದುಕವ್ರೆ!” ತಾರಸಿ ಹಾಕುವ ಮೊದಲೇ ನಿಮಗೆ ಆ ಜ್ವರ ಬಂತು. ಮಾತ್ರೆ, ಕಷಾಯ, ಆಸ್ಪತ್ರೆ, ಎಲ್ಲ ಆಯಿತು. ಜ್ವರದಲ್ಲೂ ಬಲಗೈ ಹಾಸಿಗೆಯ ಪಕ್ಕದ ಗೋಡೆಯನ್ನು ಸವರುತ್ತಿತ್ತು. ಎಲ್ಲಿಯವರೆಗೆ ಹೋಗಿದ್ದಿರಿ? ಗಿರಣಿ ದಾಟಿದ್ದಿರಾ?

ಈಗ ನಿಮಗೆ ತಿಳಿಯದ ಸುದ್ದಿ. ಹೋದ ತಿಂಗಳು ರುದ್ರಪ್ಪನವರು ಓಣಿಗೆ ಕಬ್ಬಿಣದ ಗೇಟು ಹಾಕಿಸಲು ಹೊರಟರು. ಒಳಗಿನ ಸಣ್ಣ ಅಂಗಡಿಗಳಿಗೆ ಬಾಡಿಗೆದಾರರು ಸಿಗಲಿಲ್ಲ, ಕಂಡಕಂಡವರೆಲ್ಲ ತಿರುಗುತ್ತಾರೆ, ಬೀಗ ಹಾಕಬೇಕು ಎಂದರು. ನಾನು ಹೊಸ ಮನೆಯ ಮಹಡಿಯಿಂದ ಧಡಧಡ ಇಳಿದು ಅಡ್ಡ ನಿಂತೆ. ಅವರು ಮೆತ್ತಗೆ ಕೇಳಿದರು, “ನಿಮ್ಮ ಕಾಕಾರು ಹೋದ್ರು. ಇನ್ನ ಯಾರಿಗೆ ಬೇಕ್ರೀ ಈ ಓಣಿ?” ಚಿಕ್ಕಪ್ಪಾ, ನಾನು ಕೂಗಲಿಲ್ಲ. ನಾನು! “ಅರ್ಧ ಗಂಟೆ ನನ್ನ ಜೊತೆ ಇಲ್ಲೇ ನಿಂತ್ಕೊಳ್ಳಿ ಸಾರ್,” ಎಂದಷ್ಟೇ ಹೇಳಿದೆ.

ನಿಂತರು. ಶಿಫ್ಟಿಗೆ ಹೊರಟವರು ಬಂದರು, ಹಿಟ್ಟಿನ ಡಬ್ಬ ಹೊತ್ತವರು ಬಂದರು, ಜಡೆ ಹಾಕಿಕೊಳ್ಳುತ್ತಲೇ ಶಾಲೆಗೆ ಓಡುವ ಹುಡುಗಿಯರು ಬಂದರು. ಅವರ ಹಿಂದೆ ಗೋಡೆ ಹಿಡಿದುಕೊಂಡು, ಮೊಣಕಾಲು ನೋವಿನಿಂದ ಕುಂಟುತ್ತಾ, ವಿಭೂತಿ ಹಚ್ಚಿದ ಒಬ್ಬ ಮುದುಕಿ. ರುದ್ರಪ್ಪನವರ ತಾಯಿ! ಮನೆ ಬಿಟ್ಟು ಹೊರಗೆ ಬರುವುದೇ ಇಲ್ಲವೆಂದು ಮಗ ಊರಿಗೆಲ್ಲ ಹೇಳಿಕೊಂಡಿದ್ದ ತಾಯಿ.

“ಯವ್ವಾ! ನೀ ಇಲ್ಲಿ?”

“ಹೂವಿಗ್ ಹೊಂಟೀನಿ. ದಿನಾ ಬರ್ತೀನಲ್ಲ. ನೀ ಅಂಗಡಿಗೆ ಹ್ವಾದ ಮ್ಯಾಲೆ ನಾ ಮನ್ಯಾಗ ಗ್ವಾಡಿ ಕೂಡ ಮಾತಾಡ್ಲ್ಯಾ?” ಎಂದವರೇ, ಗೇಟು ತಂದ ಆಳನ್ನು ಪಕ್ಕಕ್ಕೆ ಸರಿಸಿ ನಡೆದೇಬಿಟ್ಟರು.

ಗೇಟು ಬಂದ ಗಾಡಿಯಲ್ಲೇ ವಾಪಸು ಹೋಯಿತು. ಈಗ ದಿನಾ ಬೆಳಗ್ಗೆ ಮುನಿಯಮ್ಮನಿಗೂ ಆ ಅಜ್ಜಿಗೂ ಯುದ್ಧ. ಮಲ್ಲಿಗೆ ನಿನ್ನೆಯದೆಂದು ಇವರು, ನಿಮ್ಮ ಮೂಗು ಸರಿಯಿಲ್ಲವೆಂದು ಅವಳು. ನಿಮ್ಮ ಜಾಗ ಖಾಲಿ ಇಲ್ಲ ಚಿಕ್ಕಪ್ಪಾ. ಅದೇ ನನಗೆ ಹಿಗ್ಗು, ಅದೇ ನನಗೆ ತಡೆಯಲಾಗದ... ಇರಲಿ. ನಾನಿರುವಷ್ಟು ದಿನ ಆ ಓಣಿಗೆ ಬೀಗ ಬೀಳಲು ಬಿಡುವುದಿಲ್ಲ.